ಟರಾಂಟುಲಾ ಸಾಕಿದ್ದೀರಾ? ಮೊದಲು ಕಣ್ಣು ಜೋಪಾನ

2009ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಸೇಂಟ್ ಜೇಮ್ಸ್ ಆಸ್ಪತ್ರೆಗೆ 29 ವರ್ಷದ ಯುವಕನೊಬ್ಬ ಬಂದ. ಮೂರು ವಾರಗಳಿಂದ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಬೆಳಕು ನೋಡಲಾಗುತ್ತಿರಲಿಲ್ಲ. ಸೋಂಕು ಇರಬೇಕೆಂದು ಕೊಟ್ಟ ಆ್ಯಂಟಿಬಯಾಟಿಕ್ ಕೆಲಸ ಮಾಡಿರಲಿಲ್ಲ. ಕಣ್ಣಿನ ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಾರ್ನಿಯಾದೊಳಗೆ ಕೂದಲಿನ ಎಳೆಗಳಂಥವು ಚುಚ್ಚಿಕೊಂಡಿದ್ದವು. ಆಗ ಅವನಿಗೆ ನೆನಪಾಯಿತು. ತಾನು ಸಾಕಿದ್ದ ಚಿಲಿ ರೋಸ್ ಟರಾಂಟುಲಾದ ಗಾಜಿನ ಪೆಟ್ಟಿಗೆಯಲ್ಲಿ ಬಿಡದ ಕಲೆಯೊಂದನ್ನು ಉಜ್ಜುತ್ತಿದ್ದ, ಪೆಟ್ಟಿಗೆಯಲ್ಲಿ ಏನೋ ಅಲುಗಾಡಿದಂತಾಗಿ ತಿರುಗಿದ, ಅಷ್ಟರಲ್ಲಿ ಜೇಡ ಎರಚಿದ ಸಣ್ಣ ರೋಮಗಳು ಮುಖಕ್ಕೆ ಬಡಿದಿದ್ದವು. ಆ ಎಳೆಗಳು ಅತಿ ಸೂಕ್ಷ್ಮವಾದ ಚಿಮಟಕ್ಕೂ ಸಿಗದಷ್ಟು ಸಣ್ಣವು. ಸ್ಟೀರಾಯ್ಡ್ ಹನಿಗಳಿಂದ ಉರಿಯೂತ ತಗ್ಗಿಸುವುದಷ್ಟೇ ಉಳಿದ ದಾರಿಯಾಯಿತು. ಈ ಪ್ರಕರಣವನ್ನು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಪ್ರಕಟಿಸಿತು.

ಆ ಜೇಡ ಅವನನ್ನು ಕಚ್ಚಿರಲೇ ಇಲ್ಲ. ಟರಾಂಟುಲಾ ಎಂದೊಡನೆ ಎಲ್ಲರೂ ಹೆದರುವುದು ಅದರ ಕೋರೆಗೆ. ಸಾಕುವವರು ನಿಜಕ್ಕೂ ಹುಷಾರಾಗಿರಬೇಕಾದದ್ದು ಮೊದಲು ರೋಮದ ಬಗ್ಗೆ, ಆಮೇಲೆ ಕಡಿತದ ಬಗ್ಗೆ. ಜೇಡಕ್ಕಂತೂ ಇವೆರಡಕ್ಕಿಂತ ದೊಡ್ಡ ಅಪಾಯ ನಿಮ್ಮ ಕೈಯಿಂದ ಜಾರಿ ಬೀಳುವುದು.

ನಿಮ್ಮಲ್ಲಿರುವುದು ಯಾವುದು?

ಟರಾಂಟುಲಾಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಸಾಕುವವರಿಗೆ ಮುಖ್ಯವಾದದ್ದು ಎರಡು ಗುಂಪು. ಚಿಲಿ ರೋಸ್, ಮೆಕ್ಸಿಕನ್ ರೆಡ್ ನೀ ಮುಂತಾದ ಅಮೆರಿಕ ಖಂಡಗಳ ಜೇಡಗಳಲ್ಲಿ ಹೆಚ್ಚಿನವು ಹೊಟ್ಟೆಯ ಮೇಲೆ ನವೆ ಹುಟ್ಟಿಸುವ ರೋಮ ಹೊತ್ತಿರುತ್ತವೆ. ಬೆದರಿದರೆ ಹಿಂಗಾಲಿನಿಂದ ಅದನ್ನು ಕೆರೆದು ಗಾಳಿಗೆ ಹಾರಿಸುತ್ತವೆ. ಇವುಗಳ ಕಡಿತ ಸಾಮಾನ್ಯವಾಗಿ ಸೌಮ್ಯ. ಏಷ್ಯಾ ಮತ್ತು ಆಫ್ರಿಕಾದ ಜೇಡಗಳಿಗೆ ಈ ರೋಮವಿಲ್ಲ. ಅವುಗಳ ರಕ್ಷಣೆಯೇನಿದ್ದರೂ ವೇಗ ಮತ್ತು ಕಡಿತ. ವಿಷವೂ ಹೆಚ್ಚು ತೀಕ್ಷ್ಣ.

ಈ ಎರಡನೆಯ ಗುಂಪಿನಲ್ಲಿ ನಮ್ಮ ನೆಲದವೂ ಇವೆ. ಭಾರತ ಮತ್ತು ಶ್ರೀಲಂಕಾದ ಮರಗಳ ಪೊಟರೆಯಲ್ಲಿ ಬಾಳುವ ಪೊಸಿಲೊಥೇರಿಯಾ ಕುಲದ ಜೇಡಗಳಿಗೆ ಯುರೋಪ್, ಅಮೆರಿಕದ ಹವ್ಯಾಸಿಗಳಲ್ಲಿ ಭಾರಿ ಬೇಡಿಕೆ. ಅಲ್ಲಿ ‘ಮೈಸೂರ್ ಆರ್ನಮೆಂಟಲ್’ ಎಂದು ಕರೆಯುವುದು ಇದೇ ಕುಲದ ಒಂದನ್ನು. ಆಂಧ್ರದ ಗುತ್ತಿಯ ಹೆಸರು ಹೊತ್ತ ನೀಲಿ ಜೇಡವಂತೂ ಅಳಿವಿನ ಅಂಚಿನಲ್ಲಿದೆ. ಈ ಕುಲದ ಕಡಿತಗಳನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು 2014ರಲ್ಲಿ ಒಟ್ಟುಗೂಡಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ತೀವ್ರ ಸ್ನಾಯು ಸೆಳೆತ ಕಾಣಿಸಿತ್ತು. ಅದೂ ಕಚ್ಚಿದ ತಕ್ಷಣವಲ್ಲ, ಎಷ್ಟೋ ಗಂಟೆಗಳ ಬಳಿಕ.

ಆದ್ದರಿಂದ ಪೆಟ್ಟಿಗೆಯ ಮೇಲೆ ಜೇಡದ ವೈಜ್ಞಾನಿಕ ಹೆಸರನ್ನು ಬರೆದು ಅಂಟಿಸಿ. ಅವಘಡವಾದರೆ ವೈದ್ಯರಿಗೆ ತೋರಿಸಬೇಕಾದ ಮೊದಲ ಕಾಗದ ಅದೇ. ಕಾನೂನಿನ ಮಾತೂ ಇದೆ. ಮೆಕ್ಸಿಕನ್ ರೆಡ್ ನೀಯ ಕುಲ ಮತ್ತು ಪೊಸಿಲೊಥೇರಿಯಾ ಎರಡೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿಯ ನಂತರ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ದಾಖಲೆ ಕೊಡಲಾಗದ ಮಾರಾಟಗಾರನಿಂದ ಕೊಳ್ಳಬೇಡಿ. ಘಟ್ಟದ ಕಾಡಿನಲ್ಲಿ ಕಂಡ ಜೇಡವನ್ನು ಡಬ್ಬಿಗೆ ಹಾಕಿ ತರಲೇಬೇಡಿ.

ಕೈ ಬೇಡ, ಡಬ್ಬಿ ಸಾಕು

ಟರಾಂಟುಲಾವನ್ನು ಅಂಗೈ ಮೇಲೆ ಬಿಟ್ಟುಕೊಂಡ ಫೋಟೊಗಳು ಎಲ್ಲೆಲ್ಲೂ ಸಿಗುತ್ತವೆ. ನನ್ನ ಅಭಿಪ್ರಾಯ ಸ್ಪಷ್ಟ: ಅದು ಬೇಡ. ಜೇಡ ಒಡೆಯನಿಗೆ ಒಗ್ಗಿಕೊಳ್ಳುವ ಜೀವವಲ್ಲ, ಸ್ಪರ್ಶದಿಂದ ಅದಕ್ಕೆ ಸುಖವೂ ಇಲ್ಲ. ಅದರ ಹೊಟ್ಟೆಯ ಚರ್ಮ ಬಹಳ ತೆಳು. ಮಂಡಿಯೆತ್ತರದಿಂದ ಬಿದ್ದರೂ ಹೊಟ್ಟೆ ಒಡೆದು, ಒಳಗಿನ ದ್ರವ ಸೋರಿ ಸಾಯಬಹುದು. ಆ ದ್ರವದ ಒತ್ತಡದಿಂದಲೇ ಅದು ಕಾಲು ಚಾಚುವುದು. ಸೋರಿದರೆ ನಡೆಯಲೂ ಆಗದು. ಚೆನ್ನಾಗಿ ನೋಡಿಕೊಂಡರೆ ಹೆಣ್ಣು ಜೇಡಗಳು ಇಪ್ಪತ್ತು ವರ್ಷಕ್ಕೂ ಮೀರಿ ಬದುಕುತ್ತವೆ. ಒಂದು ಫೋಟೊಗಾಗಿ ಅಷ್ಟು ಆಯುಷ್ಯವನ್ನು ಪಣಕ್ಕಿಡುವುದು ಸರಿಯಲ್ಲ.

ಪೆಟ್ಟಿಗೆ ಶುಚಿ ಮಾಡಲು, ಜಾಗ ಬದಲಿಸಲು ಜೇಡವನ್ನು ಎತ್ತಲೇಬೇಕಾಗುತ್ತದೆ. ಅದಕ್ಕೆ ಬೇಕಾದದ್ದು ಜೇಡ ಕಾಲು ಚಾಚಿದರೂ ಹಿಡಿಸುವಷ್ಟು ದೊಡ್ಡ ಪಾರದರ್ಶಕ ಡಬ್ಬಿ, ಒಂದು ಗಟ್ಟಿ ರಟ್ಟು, ಮೃದುವಾದ ಪೇಂಟ್ ಬ್ರಷ್ ಮತ್ತು ಉದ್ದನೆಯ ಇಕ್ಕಳ. ಫ್ಯಾನ್ ಆರಿಸಿ, ಕಿಟಕಿ ಬಾಗಿಲು ಮುಚ್ಚಿ. ನಾಯಿ, ಬೆಕ್ಕು, ಮಕ್ಕಳು ಕೋಣೆಯ ಹೊರಗಿರಲಿ. ಪೆಟ್ಟಿಗೆಯನ್ನು ಮೇಜಿನಿಂದ ಇಳಿಸಿ ನೆಲದ ಮೇಲಿಡಿ.

ಮುಟ್ಟುವ ಮುನ್ನ ಸ್ವಲ್ಪ ಹೊತ್ತು ಸುಮ್ಮನೆ ನೋಡಿ. ಮುಂಗಾಲು ಮೇಲೆತ್ತಿ ಕೋರೆ ತೋರಿಸುತ್ತಿದ್ದರೆ, ಹಿಸ್ಸೆನ್ನುವ ಸದ್ದು ಮಾಡುತ್ತಿದ್ದರೆ ಆ ದಿನದ ಕೆಲಸ ನಿಲ್ಲಿಸಿ. ಊಟ ಬಿಟ್ಟು, ಹೊಟ್ಟೆ ಕಪ್ಪಾಗಿ, ಮಂಕಾಗಿದ್ದರೆ ಪೊರೆ ಬಿಡುವ ಕಾಲ ಹತ್ತಿರವಿದೆ ಎಂದರ್ಥ. ಆಗಲೂ ಮುಟ್ಟಬೇಡಿ. ಬೆನ್ನಡಿಯಾಗಿ ಬಿದ್ದಿದ್ದರೆ ಸತ್ತಿದೆ ಎಂದು ಗಾಬರಿಯಾಗದಿರಿ, ಬಹುತೇಕ ಟರಾಂಟುಲಾಗಳು ಪೊರೆ ಬಿಡುವುದೇ ಹೀಗೆ. ಸತ್ತ ಜೇಡ ಕಾಲುಗಳನ್ನು ಹೊಟ್ಟೆಯಡಿಗೆ ಮಡಚಿಕೊಂಡಿರುತ್ತದೆ. ಪೊರೆ ಬಿಟ್ಟ ಮೇಲೂ ಒಂದೆರಡು ವಾರ ಕೋರೆ ಗಟ್ಟಿಯಾಗಿರುವುದಿಲ್ಲ. ಆ ದಿನಗಳಲ್ಲಿ ಆಹಾರದ ಹುಳುಗಳನ್ನೂ ಒಳಗೆ ಬಿಡಬಾರದು, ಜೀವಂತ ಮಿಡತೆಯೇ ಜೇಡವನ್ನು ಗಾಯಗೊಳಿಸಬಹುದು.

ಜೇಡ ಶಾಂತವಾಗಿದ್ದರೆ ಡಬ್ಬಿಯನ್ನು ಅದರ ಮುಂದೆ ಅಡ್ಡವಾಗಿಟ್ಟು, ಹಿಂಗಾಲನ್ನು ಬ್ರಷ್‌ನಿಂದ ಮೆಲ್ಲಗೆ ಮುಟ್ಟಿ. ತಾನಾಗಿಯೇ ಒಳಗೆ ನಡೆಯುತ್ತದೆ. ಇಲ್ಲದಿದ್ದರೆ ಡಬ್ಬಿಯನ್ನು ಮೇಲಿನಿಂದ ಮುಚ್ಚಿ ಅಡಿಯಲ್ಲಿ ರಟ್ಟು ಜಾರಿಸಿ. ಕಾಲು ಅಂಚಿಗೆ ಸಿಕ್ಕಿಕೊಳ್ಳದಂತೆ ನಿಧಾನವಾಗಿ ಮಾಡಿ. ಬಿಲದೊಳಗಿದ್ದರೆ ಕೆದಕಬೇಡಿ, ಹೊರಬರುವವರೆಗೆ ಕಾಯಿರಿ. ಬಾಯಿಂದ ಊದುವುದು ಬಹಳ ಜನ ಮಾಡುವ ತಪ್ಪು. ಉಸಿರು ತಾಕಿದರೆ ಜೇಡ ಬೆಚ್ಚಿ ನುಗ್ಗುತ್ತದೆ.

ಯಾವ ಕಾರಣಕ್ಕೋ ಕೈಗೇ ಬಿಟ್ಟುಕೊಳ್ಳಬೇಕಾಗಿ ಬಂದರೆ, ಅದು ಅಮೆರಿಕ ಖಂಡದ ಶಾಂತ ಪ್ರಭೇದವಾಗಿರಲಿ. ನೀವು ನೆಲದ ಮೇಲೆ ಕುಳಿತಿರಿ, ಅಂಗೈ ನೆಲಕ್ಕೆ ಅಂಟಿಕೊಂಡಂತಿರಲಿ, ಮುಖ ದೂರವಿರಲಿ. ಜೇಡ ನಡೆದು ಹತ್ತಬೇಕೇ ಹೊರತು ನೀವು ಹಿಡಿದೆತ್ತಬಾರದು.

ಶುಚಿ ಮಾಡುವ ದಿನ

ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ, ಮಾಸ್ಕ್, ಕೈಗವಸು, ತುಂಬು ತೋಳಿನ ಅಂಗಿ ಧರಿಸಿ. ಜೇಡವನ್ನು ಡಬ್ಬಿಗೆ ಸ್ಥಳಾಂತರಿಸಿದ ಮೇಲೂ ಇವು ಬೇಕು. ಕಳಚಿದ ಪೊರೆ, ಬಲೆ, ಮಣ್ಣು ಎಲ್ಲದರಲ್ಲೂ ರೋಮ ಉಳಿದಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ್ದನ್ನು ಗುಡಿಸಿದರೆ ರೋಮ ಗಾಳಿಗೇರುತ್ತದೆ. ಪೆಟ್ಟಿಗೆಯೊಳಗೆ ತಲೆ ಬಾಗಿಸಿ ನೋಡಬೇಡಿ.

ನಮ್ಮ ಮನೆಗಳ ಮಟ್ಟಿಗೆ ಇನ್ನೊಂದು ಮಾತು. ಸೊಳ್ಳೆ ಬತ್ತಿ, ಲಿಕ್ವಿಡ್, ಜಿರಳೆ ಸ್ಪ್ರೇ ಇವುಗಳಲ್ಲಿರುವುದು ಕೀಟನಾಶಕ. ಅದು ಜೇಡವನ್ನೂ ಕೊಲ್ಲುತ್ತದೆ. ಜೇಡವಿರುವ ಕೋಣೆಯಲ್ಲಿ ಸೊಳ್ಳೆಗೆ ಪರದೆಯೇ ಮದ್ದು. ನಾಯಿಗೆ ಉಣ್ಣೆ ಔಷಧ ಹಚ್ಚಿದ ಕೈಯನ್ನು ಚೆನ್ನಾಗಿ ತೊಳೆಯದೆ ಪೆಟ್ಟಿಗೆ ತೆರೆಯಬೇಡಿ.

ಚರ್ಮಕ್ಕೆ ರೋಮ ತಾಗಿದರೆ ಉಜ್ಜಬೇಡಿ, ಉಜ್ಜಿದಷ್ಟೂ ಒಳಗಿಳಿಯುತ್ತದೆ. ಸೆಲ್ಲೊ ಟೇಪನ್ನು ಒತ್ತಿ ಕಿತ್ತು, ಮತ್ತೆ ಹೊಸ ತುಂಡಿನಿಂದ ಹಾಗೆಯೇ ಮಾಡಿ. ನಂತರ ತಣ್ಣೀರು ಹರಿಸಿ ತೊಳೆದು ಕ್ಯಾಲಮೈನ್ ಲೋಷನ್ ಹಚ್ಚಿ. ಕಣ್ಣಿಗೆ ಬಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ಇದ್ದಲ್ಲಿ ತೆಗೆದು, ಶುದ್ಧ ನೀರು ಹರಿಸುತ್ತಾ ಕಾಲು ಗಂಟೆ ತೊಳೆಯಿರಿ. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ, ‘ಟರಾಂಟುಲಾ ರೋಮ ಬಿದ್ದಿದೆ’ ಎಂದು ನೀವೇ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅದು ಸಾಮಾನ್ಯ ಕಣ್ಣುಬೇನೆಯಂತೆಯೇ ಕಾಣುತ್ತದೆ. ಅಸ್ತಮಾ ಇರುವವರಿಗೆ ಈ ರೋಮ ಉಸಿರಿನ ತೊಂದರೆಯನ್ನೂ ತರಬಹುದು.

ಕಚ್ಚಿದರೆ

ಕೈ ಝಾಡಿಸಬೇಡಿ. ಕಷ್ಟ ನಿಜ, ಆದರೂ ಕೈಯನ್ನು ನೆಲಕ್ಕೆ ಇಳಿಸಿ, ಜೇಡ ಬಿಟ್ಟು ಸರಿದ ಮೇಲೆ ಅದರ ಮೇಲೆ ಡಬ್ಬಿ ಮುಚ್ಚಿ. ಉಂಗುರ, ಬಳೆ, ಗಡಿಯಾರಗಳನ್ನು ಊತ ಬರುವ ಮುನ್ನವೇ ತೆಗೆಯಿರಿ. ಗಾಯವನ್ನು ಸೋಪು, ನೀರಿನಿಂದ ತೊಳೆಯಿರಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟು, ಬಿಡುವು ಕೊಟ್ಟು ಮತ್ತೆ ಇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಕಚ್ಚಿದ ಸಮಯ ಬರೆದಿಡಿ, ಜೇಡದ ಫೋಟೊ ತೆಗೆದುಕೊಳ್ಳಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ.

ಗಾಯ ಕೊಯ್ಯುವುದು, ಚೀಪುವುದು, ಹಗ್ಗದಿಂದ ಬಿಗಿಯುವುದು, ಸುಣ್ಣ ಸೀಮೆಎಣ್ಣೆ ಬಳಿಯುವುದು ಯಾವುದೂ ಬೇಡ. ಇವುಗಳಿಂದ ವಿಷ ಇಳಿಯುವುದಿಲ್ಲ, ಕೀವಾಗುತ್ತದೆ.

ಟರಾಂಟುಲಾ ವಿಷದಿಂದಲೇ ಮನುಷ್ಯ ಸತ್ತದ್ದು ಖಚಿತವಾಗಿ ದಾಖಲಾದ ಪ್ರಕರಣವಿಲ್ಲ. ಹೆಚ್ಚಿನವರಿಗೆ ಚುಚ್ಚಿದ ನೋವು, ಕೆಂಪು, ಊತ ಕಾಣಿಸಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ತುಟಿ, ಮುಖ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಅದು ಅಲರ್ಜಿ. ತಡಮಾಡದೆ 108ಕ್ಕೆ ಕರೆ ಮಾಡಿ. ಕಚ್ಚಿದ್ದು ಏಷ್ಯಾ ಅಥವಾ ಆಫ್ರಿಕಾದ ಜೇಡವಾದರೆ, ಕಚ್ಚಿಸಿಕೊಂಡವರು ಮಕ್ಕಳಾದರೆ ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಿ. ನೋವು ಇಳಿಯಿತೆಂದು ಮಲಗಿದ ಮೇಲೆ ತೊಡೆ, ಬೆನ್ನು, ಎದೆಯಲ್ಲಿ ಸೆಳೆತ ಶುರುವಾದರೂ ಅಷ್ಟೇ.

ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ. ಜೇಡದ ಕಡಿತಕ್ಕೆ ಅದರಿಂದ ಉಪಯೋಗವಿಲ್ಲ, ಸುಮ್ಮನೆ ಕೊಟ್ಟರೆ ಅದರಿಂದಲೇ ಅಲರ್ಜಿಯಾಗಬಹುದು. ಆದ್ದರಿಂದ ಕಚ್ಚಿದ್ದು ಜೇಡವೆಂದೂ, ಕಣ್ಣಾರೆ ಕಂಡಿದ್ದೀರೆಂದೂ ಸ್ಪಷ್ಟವಾಗಿ ತಿಳಿಸಿ. ಟರಾಂಟುಲಾಕ್ಕೆಂದೇ ಪ್ರತ್ಯೇಕ ಔಷಧ ಇಲ್ಲಿಲ್ಲ. ನೋವು, ಸೆಳೆತ ತಗ್ಗಿಸುವುದೇ ಚಿಕಿತ್ಸೆ.

ಮನುಷ್ಯರ ಮಾತಾಯಿತು, ನಾಯಿಯ ವಿಷಯ ಹಾಗಲ್ಲ. ಆಸ್ಟ್ರೇಲಿಯಾದಲ್ಲಿ ಟರಾಂಟುಲಾ ಕುಟುಂಬದ ಜೇಡಗಳ ಕಡಿತಗಳನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಚ್ಚಿಸಿಕೊಂಡ ಮನುಷ್ಯರೆಲ್ಲ ಚೇತರಿಸಿಕೊಂಡಿದ್ದರು, ನಾಯಿಗಳು ಮಾತ್ರ ಎರಡು ಗಂಟೆಯೊಳಗೆ ಸತ್ತಿದ್ದವು. ನಿಮ್ಮ ನಾಯಿಯನ್ನು ಜೇಡ ಕಚ್ಚಿದ ಅನುಮಾನವಿದ್ದರೂ ಮನೆಮದ್ದಿಗೆ ಸಮಯ ಕಳೆಯದೆ ಹತ್ತಿರದ ಪಶುವೈದ್ಯರಿಗೆ ಮೊದಲು ಫೋನ್ ಮಾಡಿ, ಹೊರಡಿ. ಪೆಟ್ಟಿಗೆಯ ಮುಚ್ಚಳಕ್ಕೆ ಬೀಗವಿರಲಿ, ಅದಿರುವ ಕೋಣೆಗೆ ನಾಯಿ ಹೋಗುವ ಅಭ್ಯಾಸವನ್ನು ಇವತ್ತೇ ಬಿಡಿಸಿ.