ಕಡಲಕಳೆಯ ಕುರುಕಲು: ಪೊಟ್ಟಣದ ಹಿಂಬದಿ ಓದಿ ಕೊಳ್ಳಿ

ರಂಜಾನ್ ತಿಂಗಳಲ್ಲಿ ಬೀದರ್, ಭಾಲ್ಕಿ ಕಡೆಯ ಮನೆಗಳಲ್ಲಿ ಹಾಲು, ಸಕ್ಕರೆ ಹಾಕಿ ಚೈನಾಗ್ರಾಸ್ ಕುದಿಸಿ, ಆರಿಸಿ, ಚೌಕ ಚೌಕವಾಗಿ ಕತ್ತರಿಸುತ್ತಾರೆ. ಬಿಳಿ ನೂಲಿನಂತೆ ಕಾಣುವ ಆ ಚೈನಾಗ್ರಾಸ್ ಬರುವುದು ಸಮುದ್ರದ ಕೆಂಪು ಪಾಚಿಯಿಂದ. ಅಂದರೆ ಕಡಲಿನಿಂದ ಇಷ್ಟು ದೂರವಿರುವ ಮಾಂಜ್ರಾ ನದಿಯ ಸೀಮೆಗೂ ಕಡಲಕಳೆ ಹೊಸದಲ್ಲ. ಹೊಸದಾಗಿ ಬಂದಿರುವುದು ಕಡು ಹಸಿರು ಬಣ್ಣದ, ಕಾಗದದಷ್ಟು ತೆಳ್ಳಗಿನ, ಗರಿಗರಿ ಹಾಳೆಯ ಪೊಟ್ಟಣ. ಆನ್‌ಲೈನಿನಲ್ಲಿ ತರಿಸಿದರೆ ಮೆಹಕರದಂಥ ಹಳ್ಳಿಗೂ ಕೊರಿಯರ್‌ನಲ್ಲಿ ಬಂದು ತಲುಪುತ್ತದೆ.

ಇದನ್ನು ಹುಡುಕುವವರಲ್ಲಿ ಕಟ್ಟುನಿಟ್ಟಿನ ಪಥ್ಯ ಹಿಡಿದವರೂ ಇದ್ದಾರೆ. ಅಮೆರಿಕದಲ್ಲಿ 2009ರಲ್ಲಿ ಶುರುವಾದ ‘ಹೋಲ್ 30’ ಅಂಥದ್ದೊಂದು. ಮೂವತ್ತು ದಿನ ಸಕ್ಕರೆ, ಮದ್ಯ, ಧಾನ್ಯ, ಬೇಳೆಕಾಳು, ಹಾಲಿನ ಪದಾರ್ಥ ಯಾವುದನ್ನೂ ಮುಟ್ಟದೆ ತರಕಾರಿ, ಹಣ್ಣು, ಮೊಟ್ಟೆ, ಮೀನು, ಮಾಂಸ, ಬೀಜಗಳ ಮೇಲೆ ಇರಬೇಕು. ಆಮೇಲೆ ಬಿಟ್ಟದ್ದನ್ನು ಒಂದೊಂದಾಗಿ ತಿಂದು ಯಾವುದು ಒಗ್ಗುತ್ತದೆ ಎಂದು ನೋಡಬೇಕು. ಬೀದರ್ ಜಿಲ್ಲೆಯ ಮನೆಗೆ ಈ ನಿಯಮ ತಂದರೆ ಜೋಳದ ರೊಟ್ಟಿ, ತೊಗರಿ ಬೇಳೆ, ಮೊಸರು, ಸಕ್ಕರೆ ಚಹಾ ಎಲ್ಲವೂ ಹೋಗುತ್ತವೆ. ಚುರುಮುರಿ ಧಾನ್ಯ, ಫುಟಾಣಿ, ಶೇಂಗಾ ಎರಡೂ ಬೇಳೆಕಾಳಿನ ಜಾತಿ. ಸಂಜೆ ಬಾಯಾಡಿಸುವ ರೂಢಿಯ ಕುರುಕಲು ಯಾವುದೂ ಉಳಿಯುವುದಿಲ್ಲ. ಕಡಲಕಳೆ ಧಾನ್ಯವೂ ಅಲ್ಲ, ಕಾಳೂ ಅಲ್ಲವಾದ್ದರಿಂದ ಆ ಜಾಗಕ್ಕೆ ಬಂದು ಕೂರುತ್ತದೆ. ಆದರೆ ಪೊಟ್ಟಣದೊಳಗೆ ಕಡಲಕಳೆಯ ಜೊತೆ ಇನ್ನೇನೇನು ಇದೆ ಎಂಬುದನ್ನು ನೋಡಿಯೇ ಕೊಳ್ಳಬೇಕು.

ಹೆಜ್ಜೆ 1: ಯಾವ ಕಳೆ ಎಂದು ತಿಳಿಯಿರಿ

ಕುರುಕಲಿಗೆ ಒಗ್ಗುವುದು ನೋರಿ. ಕೊರಿಯಾದವರು ಇದನ್ನೇ ‘ಗಿಮ್’ ಎನ್ನುತ್ತಾರೆ. ಕೊಂಬು ಅಥವಾ ಕೆಲ್ಪ್ ದಪ್ಪನೆಯ ಕಳೆ. ಅದರಲ್ಲಿ ಅಯೋಡಿನ್ ವಿಪರೀತ, ದಿನನಿತ್ಯದ ತಿನಿಸಿಗೆ ಬೇಡ. ಹಿಜಿಕಿ ಎಂಬ ಕಪ್ಪು ಕಳೆಯನ್ನು ಕೊಳ್ಳಲೇಬಾರದು. ಅದರಲ್ಲಿ ವಿಷಕಾರಿ ರೂಪದ ಆರ್ಸೆನಿಕ್ ಹೆಚ್ಚಿರುವುದರಿಂದ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲೇ ತಿನ್ನಬೇಡಿ ಎಂದು ಜನರಿಗೆ ಹೇಳಿತ್ತು.

ಹೆಜ್ಜೆ 2: ಪದಾರ್ಥಗಳ ಪಟ್ಟಿ ಎಣಿಸಿ

ಭಾರತದ ಲೇಬಲ್ ನಿಯಮದಂತೆ ತೂಕದಲ್ಲಿ ಹೆಚ್ಚಿರುವ ಪದಾರ್ಥದ ಹೆಸರು ಮೊದಲು ಬರಬೇಕು. ಒಳ್ಳೆಯ ಪೊಟ್ಟಣದ ಪಟ್ಟಿ ಮೂರು ಮಾತಿಗೆ ಮುಗಿಯುತ್ತದೆ: ಕಡಲಕಳೆ, ಎಣ್ಣೆ, ಉಪ್ಪು. ಎಣ್ಣೆ ಯಾವುದೆಂದೂ ನೋಡಿ. ಎಳ್ಳೆಣ್ಣೆ, ಸೂರ್ಯಕಾಂತಿ, ಮೆಕ್ಕೆಜೋಳದ ಎಣ್ಣೆ ಸಾಮಾನ್ಯ. ಯಾವ ಎಣ್ಣೆ ನಡೆಯುತ್ತದೆ ಎಂಬುದು ಪಥ್ಯದಿಂದ ಪಥ್ಯಕ್ಕೆ ಬೇರೆಯಾಗುವುದರಿಂದ ನಿಮ್ಮ ನಿಯಮಕ್ಕೆ ಹೋಲಿಸಿಕೊಳ್ಳಿ.

ಹೆಜ್ಜೆ 3: ಅಡಗಿ ಕೂತವರನ್ನು ಹುಡುಕಿ

‘ಬಾರ್ಬೆಕ್ಯೂ’, ‘ಸ್ಪೈಸಿ’, ‘ಟೆರಿಯಾಕಿ’ ಎಂದು ರುಚಿಯ ಹೆಸರಿದ್ದರೆ ಎಚ್ಚರ. ಸಕ್ಕರೆ, ಗ್ಲೂಕೋಸ್ ಸಿರಪ್, ಮಾಲ್ಟೋಡೆಕ್ಸ್ಟ್ರಿನ್ ಅಲ್ಲಿ ಸೇರಿರಬಹುದು. ಸೋಯಾ ಸಾಸ್ ಇದ್ದರೆ ಕಾಳು ಬಂದಂತಾಯಿತು. ಸಾಮಾನ್ಯವಾಗಿ ಅದರ ಜೊತೆ ಗೋದಿಯೂ ಬರುತ್ತದೆ. ‘ಟೆಂಪುರಾ’ ಎಂದಿದ್ದರೆ ಹಿಟ್ಟಿನಲ್ಲಿ ಅದ್ದಿ ಕರಿದದ್ದು, ನಮ್ಮ ಭಜಿಯ ಹಾಗೆ. ಐಎನ್ಎಸ್ 621 ಎಂಬ ಸಂಖ್ಯೆ ಅಜಿನೊಮೊಟೊ ಎಂದು ಹೆಸರಾದ ರುಚಿವರ್ಧಕದ್ದು.

ಸಸ್ಯಾಹಾರಿಗಳು ಹಸಿರು ಚುಕ್ಕೆಯನ್ನು ನೋಡದೆ ಕೊಳ್ಳಬಾರದು. ಕಳೆ ಸಸ್ಯಾಹಾರವೇ ಆದರೂ ಮೇಲೆ ಉದುರಿಸಿದ ಮಸಾಲೆಯಲ್ಲಿ ಮೀನಿನ ಅಥವಾ ಸಿಗಡಿಯ ಪುಡಿ ಇರಬಹುದು. ಕಂದು ತ್ರಿಕೋನವಿದ್ದರೆ ಅದು ಮಾಂಸಾಹಾರ.

ಹೆಜ್ಜೆ 4: ಅಯೋಡಿನ್ ಲೆಕ್ಕ ಹಾಕಿ

ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಸಮುದ್ರದ ಮೀನು ಅಪರೂಪವಾದ ಒಳನಾಡಿನಲ್ಲಿ ಇದು ಹೆಚ್ಚಾಗಿ ಅಯೋಡಿನ್ ಬೆರೆಸಿದ ಉಪ್ಪಿನಿಂದಲೇ ಸಿಗಬೇಕು. ಪಥ್ಯದ ಹೆಸರಿನಲ್ಲಿ ಆ ಉಪ್ಪು ಬಿಟ್ಟು ಬರೀ ಸೈಂಧವ ಲವಣಕ್ಕೆ ಹೊರಳಿದವರಿಗೆ ಕೊರತೆಯಾಗಬಹುದು; ನೋರಿ ಅದನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಒಂದು ಗ್ರಾಂ ನೋರಿಯಲ್ಲಿ ಸುಮಾರು 16ರಿಂದ 43 ಮೈಕ್ರೋಗ್ರಾಂ ಇರುವುದರಿಂದ 5 ಗ್ರಾಂ ಪೊಟ್ಟಣದಲ್ಲೇ ದಿನದ ಅಗತ್ಯದ ಅರ್ಧಕ್ಕಿಂತ ಹೆಚ್ಚು ಸಿಕ್ಕೀತು. ಕೊಂಬುವಿನಲ್ಲಿ ಒಂದೇ ಗ್ರಾಂ ಸಾವಿರ ಮೈಕ್ರೋಗ್ರಾಂ ದಾಟಬಹುದು. ಅಯೋಡಿನ್ ಕಡಿಮೆಯಾದರೂ ಥೈರಾಯ್ಡಿಗೆ ತೊಂದರೆ, ಅತಿಯಾದರೂ ತೊಂದರೆ.

ಥೈರಾಯ್ಡ್ ಕಾಯಿಲೆ ಇರುವವರು, ಗರ್ಭಿಣಿಯರು, ಬಾಣಂತಿಯರು, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ರೂಢಿ ಮಾಡಿಕೊಳ್ಳಬಾರದು. ರಕ್ತದೊತ್ತಡ ಇರುವವರು ಸೋಡಿಯಂ ಪ್ರಮಾಣ ನೋಡಲಿ. ‘ಒಂದು ಬಾರಿಗೆ’ ಎಂದು ಕೊಟ್ಟ ಅಂಕಿ ಕೆಲವೇ ಹಾಳೆಗಳದ್ದು. ಅದರ ಎರಡರಷ್ಟು ತಿಂದರೆ ಸೋಡಿಯಂ ಕೂಡ ಇಮ್ಮಡಿ.

ಹೆಜ್ಜೆ 5: ಎಲ್ಲಿಂದ ಬಂತು ಎಂದು ನೋಡಿ

ತಮಿಳುನಾಡಿನ ರಾಮನಾಥಪುರ ಕರಾವಳಿಯಲ್ಲಿ ಹೆಣ್ಣುಮಕ್ಕಳು ಕಡಲಕಳೆ ಕೃಷಿ ಮಾಡುತ್ತಾರೆ. ಅಲ್ಲಿ ಬೆಳೆಯುವ ಕಪ್ಪಾಫೈಕಸ್ ಮುಖ್ಯವಾಗಿ ಕ್ಯಾರಗೀನನ್ ಎಂಬ ಗಟ್ಟಿಕಾರಕಕ್ಕೆ ಹೋಗುತ್ತದೆ. ಐಸ್‌ಕ್ರೀಮಿನ ಲೇಬಲ್ ಮೇಲೆ ಕಾಣುವ ಐಎನ್ಎಸ್ 407 ಅದೇ. ನೋರಿ ಹಾಳೆ ಬಹುಪಾಲು ಚೀನಾ, ದಕ್ಷಿಣ ಕೊರಿಯಾ, ಜಪಾನ್ ಕಡೆಯದು. ಆದ್ದರಿಂದ ಹೊರದೇಶದ ಪೊಟ್ಟಣದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಫ್ಎಸ್ಎಸ್ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇವೆಯೇ ಎಂದು ನೋಡಿ. ಓದಲಾಗದ ಭಾಷೆಯ ಲೇಬಲ್ ಮಾತ್ರ ಇದ್ದರೆ ವಾಪಸ್ ಇಟ್ಟುಬಿಡಿ.

ಹೆಜ್ಜೆ 6: ಮನೆಯಲ್ಲೇ ಹುರಿದುಕೊಳ್ಳಿ

ಎಣ್ಣೆ, ಉಪ್ಪು ಯಾವುದೂ ಇಲ್ಲದ ಸಾದಾ ನೋರಿ ಹಾಳೆ ತಂದರೆ ಮೇಲೇನು ಹಾಕಬೇಕು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ಹಾಳೆಗೆ ಎಳ್ಳೆಣ್ಣೆಯನ್ನು ತೆಳ್ಳಗೆ ಸವರಿ, ರೊಟ್ಟಿ ಹಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎರಡೂ ಬದಿ ಕೆಲವು ಸೆಕೆಂಡು ಇಡಿ. ಕಪ್ಪು ಬಣ್ಣ ಹಸಿರಿಗೆ ತಿರುಗುತ್ತಿದ್ದಂತೆ ತೆಗೆಯಿರಿ, ತಡಮಾಡಿದರೆ ಕಹಿಯಾಗುತ್ತದೆ. ಮೇಲೆ ಚೂರು ಗುರೆಳ್ಳು ಹಿಂಡಿ ಅಥವಾ ಅಗಸಿ ಹಿಂಡಿ ಉದುರಿಸಿದರೆ ರುಚಿ ನಮ್ಮ ಸೀಮೆಯದೇ ಆಗುತ್ತದೆ. ಹಿಂಡಿಯಲ್ಲಿ ಶೇಂಗಾ, ಫುಟಾಣಿ, ಬೆಲ್ಲ ಸೇರಿರಬಾರದು. ಉಳಿದ ಹಾಳೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಮಳೆಗಾಲದ ತೇವಕ್ಕೆ ಬೇಗ ಮೆತ್ತಗಾಗುತ್ತವೆ.

ಬೆಲೆ ಹೆಚ್ಚೆನಿಸಿದರೆ, ಅಥವಾ ಲೇಬಲ್ ಒಪ್ಪದಿದ್ದರೆ, ಪಥ್ಯ ಕೆಡಿಸಿಕೊಳ್ಳಬೇಕಿಲ್ಲ. ಹೆರೆದು ಹುರಿದ ಕೊಬ್ಬರಿ, ಹುರಿದ ಎಳ್ಳು, ಬಾದಾಮಿ, ಕುಂಬಳ ಬೀಜ ಇವೆಲ್ಲ ಇದೇ ನಿಯಮದೊಳಗೆ ಬರುತ್ತವೆ, ಊರಿನ ಅಂಗಡಿಯಲ್ಲೇ ಸಿಗುತ್ತವೆ. ಮೊದಲ ಸಲ ನೋರಿ ತರಿಸುವವರು ದೊಡ್ಡ ಕಟ್ಟು ಕೊಳ್ಳದೆ ಒಂದೇ ಸಣ್ಣ ಪೊಟ್ಟಣ ತರಿಸಿ, ಹಿಂಬದಿ ಓದಿ, ಆಮೇಲೆ ತೆರೆಯಿರಿ.