ಮಾತಾಡುತ್ತ ಓಡುವಷ್ಟು ನಿಧಾನ

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನನಗೆ 46 ವರ್ಷ. ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ನೌಕರಿ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದೇನೆ. ಓಡಬೇಕೆಂದು ನೆಹರು ಕ್ರೀಡಾಂಗಣಕ್ಕೆ ಹೋಗುತ್ತೇನೆ, ಒಂದೇ ಸುತ್ತಿಗೆ ಏದುಸಿರು ಬರುತ್ತದೆ. ಪ್ರತಿ ಸಲ ವಾರದೊಳಗೆ ಬಿಟ್ಟುಬಿಡುತ್ತೇನೆ. ಈ ವಯಸ್ಸಿಗೆ ಓಟ ಆಗದ ಮಾತೇ?
– ಓದುಗರು, ಬೀದರ್

ಉತ್ತರ: ಖಂಡಿತ ಆಗುತ್ತದೆ. ನೀವು ಶುರುವಿನಲ್ಲೇ ಜೋರಾಗಿ ಓಡುತ್ತಿದ್ದೀರಿ, ಅಷ್ಟೇ. ಪಕ್ಕದವರ ಜೊತೆ ತೊಗರಿ ರೇಟಿನ ಬಗ್ಗೆ ತಡವರಿಸದೆ ಮಾತಾಡಲು ಆಗಬೇಕು, ಅಷ್ಟು ನಿಧಾನವಾಗಿ ಓಡಿ. ನಡೆಯುವವರು ನಿಮ್ಮನ್ನು ದಾಟಿ ಹೋದರೆ ಹೋಗಲಿ.

1996ರಲ್ಲಿ ಅಮೆರಿಕದ ಜೋಶ್ ಕ್ಲಾರ್ಕ್ ಎಂಬ ಯುವಕ ತನ್ನ ತಾಯಿಯಂಥ ಹೊಸಬರಿಗೆಂದು 9 ವಾರಗಳ ಕ್ರಮವೊಂದನ್ನು ಹೊಂದಿಸಿದ. ಮೊದಲ ವಾರ 5 ನಿಮಿಷ ಚುರುಕಾಗಿ ನಡೆಯುವುದು, ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಹೀಗೆ 20 ನಿಮಿಷ, ವಾರಕ್ಕೆ ಮೂರೇ ದಿನ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯೂ ಜನರಿಗೆ ಇದನ್ನೇ ಸೂಚಿಸುತ್ತದೆ. ಯಾವ ವಾರದ್ದು ಕಷ್ಟವೆನಿಸಿತೋ ಅದನ್ನೇ ಇನ್ನೊಂದು ವಾರ ಮಾಡಿ. ಒಂಬತ್ತು ವಾರ ಹದಿನೆಂಟಾದರೂ ಚಿಂತೆಯಿಲ್ಲ.

ನಡುವೆ ಒಂದು ದಿನ ಬಿಡುವು ಇರಲೇಬೇಕು. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹುರುಪುಗೊಳ್ಳುತ್ತವೆ. ಎಲುಬು ಮತ್ತು ಅದಕ್ಕೆ ಸ್ನಾಯು ಕಟ್ಟುವ ನಾರು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ದೂರ ಹೆಚ್ಚಿಸುವವರೇ ಮೊಣಕಾಲು ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಾರೆ.

ಬಿಡದೆ ಮುಂದುವರಿಯಲು ವಾರದ ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ. ಬರೀದ್ ಶಾಹಿ ಉದ್ಯಾನದ ಬಳಿ ಒಬ್ಬ ಗೆಳೆಯ ಕಾಯುತ್ತಿದ್ದಾನೆ ಎಂದರೆ ಹಾಸಿಗೆ ತಾನಾಗಿಯೇ ಬಿಡುತ್ತದೆ. ಮನಸ್ಸಿಲ್ಲದ ದಿನವೂ ಬೂಟು ಹಾಕಿ ಹತ್ತು ನಿಮಿಷ ನಡೆದು ಬನ್ನಿ. ಮದುವೆ, ಜಾತ್ರೆಯಿಂದ ಎರಡು ವಾರ ತಪ್ಪಿದರೆ ಸ್ವಲ್ಪ ಹಿಂದಿನ ವಾರದಿಂದ ಮತ್ತೆ ಹಿಡಿಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲೇರುವ ಮುಂಚೆ ಓಟ ಮುಗಿದಿರಲಿ.

ಶುರು ಮಾಡುವ ಮುನ್ನ ಬಿಪಿ, ಇಸಿಜಿ ಮಾಡಿಸಿ, ಪಾದದ ಸ್ಪರ್ಶಜ್ಞಾನ ಪರೀಕ್ಷಿಸಿಕೊಳ್ಳಿ. ನಿಮ್ಮ ಗುಳಿಗೆಯ ಹೆಸರನ್ನು ವೈದ್ಯರಿಗೆ ತೋರಿಸಿ. ಗ್ಲಿಮೆಪಿರೈಡ್ ಜಾತಿಯ ಗುಳಿಗೆ ಅಥವಾ ಇನ್ಸುಲಿನ್ ಇದ್ದರೆ ಓಡುವಾಗ ಸಕ್ಕರೆ ಇಳಿಯಬಹುದು. ಬರೀ ಮೆಟ್‌ಫಾರ್ಮಿನ್ ಆದರೆ ಆ ಭಯ ತೀರಾ ಕಡಿಮೆ. ಜೇಬಿನಲ್ಲಿ ಗ್ಲುಕೋಸ್ ಪುಡಿ ಇಟ್ಟುಕೊಳ್ಳಿ. ಕೈ ನಡುಗಿ, ತಣ್ಣನೆ ಬೆವರಿ, ಕಣ್ಣು ಮಂಜಾದರೆ ನಿಂತು ಮೂರು ಚಮಚ ಬಾಯಿಗೆ ಹಾಕಿಕೊಳ್ಳಿ. ಎದೆ ಬಿಗಿದು ನೋವು ದವಡೆಗೋ ಎಡಗೈಗೋ ಹರಡಿದರೆ ಮನೆಗೆ ಹೋಗಿ ಮಲಗಬೇಡಿ, ಸೀದಾ ಬ್ರಿಮ್ಸ್ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ 34 ವರ್ಷ, ಎರಡು ಸಹಜ ಹೆರಿಗೆ ಆಗಿವೆ. ಓಡಿದಾಗ ಎರಡು ಹನಿ ಮೂತ್ರ ಜಾರುತ್ತದೆ. ಮನೆಯಲ್ಲಿ ಹೇಳಲು ನಾಚಿಕೆ. ಓಟ ಬಿಡಲೇ?
– ಹೆಸರು ಬೇಡ, ಭಾಲ್ಕಿ

ಉತ್ತರ: ಬಿಡಬೇಡಿ ತಾಯಿ. ಹೆರಿಗೆಯಾದ ಎಷ್ಟೋ ಹೆಣ್ಣುಮಕ್ಕಳಿಗೆ ಇದಿದೆ, ಬಾಯಿಬಿಟ್ಟು ಕೇಳುವವರು ಕಡಿಮೆ. ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು.

ಹೆರಿಗೆಯಲ್ಲಿ ಮೂತ್ರಚೀಲ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತ ಸ್ನಾಯುಗಳು ಹಿಗ್ಗಿ ಸಡಿಲಾಗುತ್ತವೆ. ಮೂತ್ರ ತಡೆದುಕೊಳ್ಳುವಾಗ ಬಿಗಿಯಾಗುವ ಸ್ನಾಯು ಅದೇ. ಅದನ್ನು ಒಳಕ್ಕೆ, ಮೇಲಕ್ಕೆ ಎಳೆದು ಐದಾರು ಸೆಕೆಂಡು ಹಿಡಿಯಿರಿ, ಅಷ್ಟೇ ಹೊತ್ತು ಸಡಿಲ ಬಿಡಿ. ಒಂದು ಸಲಕ್ಕೆ 8ರಿಂದ 10, ದಿನಕ್ಕೆ ಮೂರು ಸಲ, ಕನಿಷ್ಠ 3 ತಿಂಗಳು. ರೊಟ್ಟಿ ಬಡಿಯುವಾಗಲೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಉಸಿರು ಬಿಗಿಹಿಡಿಯಬೇಡಿ. ಮೂತ್ರಕ್ಕೆ ಕೂತಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ. ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ ಉರಿಮೂತ್ರವಷ್ಟೇ ಲಾಭ.

ಅಲ್ಲಿಯವರೆಗೆ ಚುರುಕು ನಡಿಗೆಯ ನಡುವೆ ಚಿಕ್ಕ ಚಿಕ್ಕ ಓಟ ಸಾಕು. ಕೆಳಗೆ ಏನೋ ಜಾರಿದಂತೆ ಅನಿಸಿದರೆ ಅಥವಾ ಮೂರು ತಿಂಗಳಾದರೂ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಹಿಮೋಗ್ಲೋಬಿನ್ ಕೂಡ ನೋಡಿಸಿ. ರಕ್ತ ಕಡಿಮೆ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ದಮ್ಮು ಬರುವುದಿಲ್ಲ.

ಪ್ರಶ್ನೆ: ಸರ್, ಪೊಲೀಸ್ ಭರ್ತಿಗೆ 1600 ಮೀಟರ್ ಅನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಡಾಂಬರು ರಸ್ತೆಯಲ್ಲಿ ದಿನಾ ಜೀವ ಬಿಟ್ಟು ಓಡುತ್ತೇನೆ. ಮೊಣಕಾಲ ಕೆಳಗಿನ ಮುಂದಿನ ಎಲುಬು ಬಹಳ ನೋಯುತ್ತದೆ. ನೋವಿನ ಗುಳಿಗೆ ನುಂಗಿ ಓಡಬಹುದೇ?
– 21 ವರ್ಷದ ಯುವಕ, ಔರಾದ್

ಉತ್ತರ: ಬೇಡ ತಮ್ಮಾ. ಗುಳಿಗೆ ನೋವನ್ನು ಮುಚ್ಚುತ್ತದೆ, ಪೆಟ್ಟು ಒಳಗೆ ಬೆಳೆಯುತ್ತದೆ. ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಆ ಗುಳಿಗೆ ಮೂತ್ರಪಿಂಡಕ್ಕೂ ಕೆಟ್ಟದ್ದು.

ಎರಡು ವಾರ ಓಟ ನಿಲ್ಲಿಸಿ ಸೈಕಲ್ ತುಳಿಯಿರಿ. ನೋವು ಹೋದ ಮೇಲೆ ಹೊಲದ ಮಣ್ಣುದಾರಿಯಲ್ಲಿ ನಿಧಾನ ಓಟದಿಂದ ಶುರು ಮಾಡಿ. ಜೋರು ಓಟ ವಾರಕ್ಕೆ ಎರಡೇ ದಿನ ಇರಲಿ, ಉಳಿದ ದಿನ ಮೆಲ್ಲಗೆ. ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಅದು ಮೊದಲೆರಡು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ರಿಪೋರ್ಟ್ ಸರಿಯಿದೆ ಎಂದು ಓಡಬೇಡಿ, ಎಲುಬು ತಜ್ಞರು ಕೈಯಿಂದ ಒತ್ತಿ ನೋಡಿ ಒಪ್ಪಿದ ಮೇಲಷ್ಟೇ ಮೈದಾನಕ್ಕೆ ಇಳಿಯಿರಿ.