ಉಜ್ಜಿ ಕೂರಿಸೋದಾ, ಅಳೆದು ಕೂರಿಸೋದಾ?

ಫಿಟಿಂಗ್ ಶಾಪ್‌ನಲ್ಲಿ ನಮ್ಮ ಬ್ಯಾಚ್‌ಗೆ ಬಂದಿದ್ದು ಡವ್‌ಟೇಲ್ ಜಾಯಿಂಟ್. ಒಬ್ಬರು ಗಂಡು ಭಾಗ ಮಾಡಬೇಕು, ಇನ್ನೊಬ್ಬರು ಹೆಣ್ಣು ಭಾಗ. ಎರಡು ಮಧ್ಯಾಹ್ನ ಫೈಲ್ ಹಿಡಿದು ಉಜ್ಜಿ, ಕೈಯಲ್ಲಿ ಬೊಬ್ಬೆ ಎದ್ದ ಮೇಲೆ ಅಂತೂ ಎರಡೂ ಕೂತವು. ಬೆಳಕು ಕೂಡ ತೂರದ ಹಾಗೆ ಕೂತಿದ್ದವು! ಖುಷಿಯಿಂದ ಸರ್‌ಗೆ ತೋರಿಸಿದ್ವಿ. ಅವರು ನಮ್ಮ ಗಂಡು ಭಾಗವನ್ನು ಪಕ್ಕದ ಬ್ಯಾಚ್‌ನವರ ಹೆಣ್ಣು ಭಾಗಕ್ಕೆ ಹಾಕಿ ನೋಡಿದ್ರು. ಒಳಗೆ ಹೋಗಲೇ ಇಲ್ಲ. "ಡ್ರಾಯಿಂಗ್ ಇಬ್ಬರಿಗೂ ಒಂದೇ ಅಲ್ವೇನ್ರಪ್ಪಾ?" ಅಂತ ಕೇಳಿ ಮುಂದಿನ ಟೇಬಲ್‌ಗೆ ಹೋದ್ರು.

ನಮ್ಮ ಹತ್ರ ಉತ್ತರ ಇರಲಿಲ್ಲ. ಈ ಸೆಮ್‌ನಲ್ಲಿ ಟಾಲರೆನ್ಸ್ ಓದುವಾಗ ಉತ್ತರ ಹುಡುಕ್ತಾ ಹೋದ್ವಿ. ಸಿಕ್ಕ ಉದಾಹರಣೆಗಳಲ್ಲಿ ತುಂಬ ಸ್ಪಷ್ಟವಾಗಿದ್ದು ಒಂದು: ಅಮೆರಿಕದ ಗುರಿ ಸ್ಪರ್ಧೆಗಳ ರೈಫಲ್‌ಗೆ ಸಿದ್ಧ ಬ್ಯಾರಲ್ ಕೂರಿಸುವುದು. ನಾವ್ಯಾರೂ ರೈಫಲ್ ಮುಟ್ಟಿದವರಲ್ಲ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಇದೆಲ್ಲ ಲೈಸೆನ್ಸ್ ಇದ್ದವರ ಕೆಲಸ. ನಮಗೆ ಇಲ್ಲಿ ಬೇಕಾಗಿರೋದು ಅಳತೆಯ ಪಾಠ ಅಷ್ಟೇ.

ಮೊದಲು ಭಾಗಗಳ ಪರಿಚಯ

ರೈಫಲ್‌ನಲ್ಲಿ ಗುಂಡು ಹೋಗುವ ಕೊಳವೆಯೇ ಬ್ಯಾರಲ್. ಅದರ ಹಿಂದಿನ ತುದಿಯಲ್ಲಿ ತೋಟಾ ಕೂರುವ ಗೂಡು ಇರುತ್ತೆ, ಅದು ಚೇಂಬರ್. ಬ್ಯಾರಲ್‌ನ ಆ ತುದಿಯಲ್ಲಿ ಥ್ರೆಡ್ ಇದ್ದು, ಅದು ರಿಸೀವರ್‌ಗೆ ತಿರುಗಿ ಕೂರುತ್ತೆ. ರಿಸೀವರ್ ಒಳಗೆ ಹಿಂದೆ-ಮುಂದೆ ಓಡಾಡಿ ಬಾಗಿಲಿನ ಹಾಗೆ ಚೇಂಬರ್ ಮುಚ್ಚುವುದು ಬೋಲ್ಟ್. ರಿಸೀವರ್, ಬೋಲ್ಟ್ ಎರಡೂ ಸೇರಿದರೆ ಆಕ್ಷನ್.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಳತೆ ಹೆಡ್‌ಸ್ಪೇಸ್. ಬೋಲ್ಟ್ ಮುಚ್ಚಿದಾಗ ಅದರ ಮುಖದಿಂದ, ಚೇಂಬರ್ ಒಳಗೆ ತೋಟಾದ ಭುಜ ತಾಗಿ ನಿಲ್ಲುವ ಗೆರೆಯವರೆಗಿನ ದೂರ. ಇದು ಕಡಿಮೆಯಾದ್ರೆ ಬೋಲ್ಟ್ ಮುಚ್ಚೋದೇ ಇಲ್ಲ. ಅದು ಬಚಾವ್, ಯಾಕಂದ್ರೆ ತಪ್ಪು ಆಗಲೇ ಗೊತ್ತಾಗುತ್ತೆ. ಜಾಸ್ತಿಯಾದ್ರೆ ಬೋಲ್ಟ್ ಮುಚ್ಚುತ್ತೆ, ಎಲ್ಲ ಸರಿ ಇದೆ ಅನ್ನಿಸುತ್ತೆ. ಆದ್ರೆ ಹಾರಿಸಿದಾಗ ಹಿತ್ತಾಳೆಯ ಕೇಸ್ ಹಿಂದಕ್ಕೆ ಎಳೆದುಕೊಂಡು ಬುಡದ ಹತ್ರ ತೆಳ್ಳಗಾಗುತ್ತೆ, ಹರಿಯಲೂಬಹುದು. .308 ವಿಂಚೆಸ್ಟರ್ ತೋಟಾಗೆ ಅಮೆರಿಕದ ಮಾನದಂಡ ಇಟ್ಟಿರುವ ಒತ್ತಡದ ಮಿತಿ 62,000 ಪಿಎಸ್‌ಐ. ನಮ್ಮ ಮನೆ ಕುಕ್ಕರ್ ವಿಶಲ್ ಹಾಕೋದು ಸುಮಾರು 15ಕ್ಕೆ. ಅಂದ್ರೆ ನಾಲ್ಕು ಸಾವಿರ ಪಟ್ಟು. ಅಂಥ ಗ್ಯಾಸ್ ಸೋರಿದರೆ ಅದಕ್ಕೆ ಹತ್ತಿರದಲ್ಲೇ ಇರೋದು ಹಾರಿಸುವವರ ಮುಖ.

ಟೈಲರ್ ಪದ್ಧತಿ

ಹಳೆಯ ಕ್ರಮದಲ್ಲಿ ಗನ್‌ಸ್ಮಿತ್ ಹತ್ರ ಆಕ್ಷನ್ನನ್ನೇ ಕೊಡಬೇಕಿತ್ತು. ಅವರು ಅದನ್ನು ಅಳೆದು, ಹೊಸ ಬ್ಯಾರಲ್ಲನ್ನು ಲೇತ್‌ಗೆ ಹಾಕಿ ಥ್ರೆಡ್ ಕತ್ತರಿಸಿ, ಚೇಂಬರ್ ಕೊರೆದು, ಮಧ್ಯೆ ಮಧ್ಯೆ ಗೇಜ್ ಇಟ್ಟು ನೋಡ್ತಾ ಆ ಒಂದು ಆಕ್ಷನ್‌ಗೆ ಹೊಂದಿಸ್ತಾರೆ. ಅಮ್ಮ ಟೈಲರ್ ಹತ್ರ ಅಳತೆ ಬ್ಲೌಸ್ ಕೊಟ್ಟು ಬರ್ತಾರಲ್ಲ, ಹಾಗೇ. ಹೊಲಿದಿದ್ದು ಅಮ್ಮನಿಗೆ ಚೆನ್ನಾಗಿ ಕೂರುತ್ತೆ, ಚಿಕ್ಕಮ್ಮನಿಗೆ ಕೂರಲ್ಲ.

ಈ ಪದ್ಧತಿ ಈಗಲೂ ಇದೆ, ಕೆಟ್ಟದ್ದೇನಲ್ಲ. ತೊಂದರೆ ಸಮಯದ್ದು. ಬಿಸಿ ಗ್ಯಾಸಿನಿಂದ ಬ್ಯಾರಲ್‌ನ ಒಳಭಾಗ ಸವೆಯುತ್ತೆ, ಸ್ಪರ್ಧೆಯವರು ಕೆಲವು ಸಾವಿರ ಗುಂಡುಗಳಿಗೆ ಒಮ್ಮೆ ಅದನ್ನು ಬದಲಾಯಿಸ್ತಾರೆ. ಪ್ರತಿ ಸಲ ಆಕ್ಷನ್ ಕಳಿಸಿ ಕಾಯೋದು ಅಂದ್ರೆ ಕಷ್ಟ. ಇದಕ್ಕೆ ಬಂದ ಪರಿಹಾರ ಪ್ರಿಫಿಟ್ ಬ್ಯಾರಲ್: ಚೇಂಬರ್ ಮೊದಲೇ ಕೊರೆದು, ಥ್ರೆಡ್ ಮೊದಲೇ ಕತ್ತರಿಸಿ ಸಿದ್ಧ ಮಾಡಿಟ್ಟದ್ದು. ಅದನ್ನು ಮಾಡಿದವರು ನಿಮ್ಮ ಆಕ್ಷನ್ನನ್ನು ಕಣ್ಣಲ್ಲೂ ನೋಡಿರಲ್ಲ.

ನೋಡದೇ ಹೇಗೆ ಕೂರುತ್ತೆ?

ಬ್ಯಾರಲ್‌ನ ಥ್ರೆಡ್ ಮುಗಿಯುವಲ್ಲಿ ಒಂದು ಮೆಟ್ಟಿಲಿನಂಥ ಭುಜ ಇರುತ್ತೆ. ತಿರುಗಿಸಿ ಬಿಗಿ ಮಾಡಿದಾಗ ಈ ಭುಜ ರಿಸೀವರ್‌ನ ಮುಂಭಾಗದ ಮುಖಕ್ಕೆ ಒತ್ತಿ ನಿಲ್ಲುತ್ತೆ. ಎರಡೂ ಭಾಗದವರು ಅಳೆಯಲು ಶುರು ಮಾಡೋದು ಈ ಕೂಡುವ ಮುಖದಿಂದಲೇ. ನಮ್ಮ ಭಾಷೆಯಲ್ಲಿ ಅದು ಡೇಟಮ್.

ರಿಸೀವರ್ ಮುಖದಿಂದ ಒಳಗೆ ಬೋಲ್ಟ್ ಮುಖದವರೆಗಿನ ದೂರ 'ಅ' ಅಂತಿಟ್ಟುಕೊಳ್ಳಿ. ಇದು ಆಕ್ಷನ್ ಮಾಡುವವರ ಜವಾಬ್ದಾರಿ. ಬ್ಯಾರಲ್‌ನ ಭುಜದಿಂದ ಮುಂದಕ್ಕೆ ಚೇಂಬರ್‌ನ ಗೆರೆವರೆಗಿನ ದೂರ 'ಬ'. ಇದು ಬ್ಯಾರಲ್ ಮಾಡುವವರದ್ದು. ಆಗ,

ಹೆಡ್‌ಸ್ಪೇಸ್ = ಅ + ಬ

ಒಂದನೇ ಕ್ಲಾಸಿನ ಕೂಡುವ ಲೆಕ್ಕ! ಆದ್ರೆ ಇದು ನಡೆಯಬೇಕಾದ್ರೆ ಪ್ರತಿ ಆಕ್ಷನ್‌ನಲ್ಲೂ 'ಅ' ಒಂದೇ ಇರಬೇಕು. ಹಳೆಯ ಫ್ಯಾಕ್ಟರಿ ಆಕ್ಷನ್‌ಗಳಲ್ಲಿ ಅದು ಒಂದರಿಂದ ಒಂದಕ್ಕೆ ಬದಲಾಗ್ತಿತ್ತು. ಸಿಎನ್‌ಸಿಯಲ್ಲಿ ಬಿಗಿ ಟಾಲರೆನ್ಸ್ ಇಟ್ಟು ಮಾಡುವ ಕಸ್ಟಮ್ ಆಕ್ಷನ್‌ಗಳು ಬಂದ ಮೇಲೆ ಇದಕ್ಕೆ ಅರ್ಥ ಬಂತು.

ಲೆಕ್ಕ ಹಾಕಿ ನೋಡೋಣ

.308ಕ್ಕೆ ಗೋ ಗೇಜ್ 1.630 ಇಂಚು, ನೋ-ಗೋ ಗೇಜ್ 1.634 ಇಂಚು. ಮಧ್ಯದ ಜಾಗ 0.004 ಇಂಚು, ಅಂದ್ರೆ ಸುಮಾರು 0.1 ಮಿ.ಮೀ. ಒಂದು ಜೆರಾಕ್ಸ್ ಹಾಳೆಯ ದಪ್ಪ. ಇಷ್ಟರಲ್ಲೇ ಇಬ್ಬರ ತಪ್ಪೂ ಹಿಡಿಸಬೇಕು.

ಗುರಿ ಮಧ್ಯಕ್ಕೆ, ಅಂದ್ರೆ 1.632ಕ್ಕೆ ಇಟ್ಟು, 'ಅ'ಗೆ ±0.001, 'ಬ'ಗೆ ±0.001 ಕೊಟ್ಟೆವು ಅಂದುಕೊಳ್ಳಿ. ಇವು ನಮ್ಮ ಅಭ್ಯಾಸದ ಸಂಖ್ಯೆಗಳು. ಇಬ್ಬರೂ ಒಂದೇ ಕಡೆ ಪೂರ್ತಿ ತಪ್ಪಿದರೆ ±0.002. ಗಡಿಗೆ ತಾಗಿ ನಿಂತ್ವಿ, ದಾಟಲಿಲ್ಲ. ಆದ್ರೆ ಆಕ್ಷನ್‌ನವರು ±0.002 ಸಾಕು ಅಂತ ಸಡಿಲ ಬಿಟ್ಟರೆ? ಒಟ್ಟು ±0.003. ಬ್ಯಾರಲ್‌ನವರು ತಮ್ಮ ±0.001 ಒಳಗೇ ಮಾಡಿದ್ರೂ ಕೆಲವು ಜೋಡಿಗಳು ಗಡಿ ದಾಟಬಹುದು.

ಇನ್ನೊಂದು ಸೂಕ್ಷ್ಮ. ರೆಮಿಂಗ್ಟನ್ 700 ಮಾದರಿಯಲ್ಲಿ ಬ್ಯಾರಲ್ ಭುಜ ಮತ್ತು ರಿಸೀವರ್ ಮಧ್ಯೆ ರಿಕಾಯಿಲ್ ಲಗ್ ಅನ್ನೋ ಬಿಡಿ ತಟ್ಟೆ ಸಿಕ್ಕಿಸ್ತಾರೆ. ಅದರ ದಪ್ಪಕ್ಕೂ ±0.001 ಕೊಟ್ಟರೆ ಮೂರು ತಪ್ಪು ಸೇರಿ ಮತ್ತೆ ±0.003. ಹಲವು ಕಸ್ಟಮ್ ಆಕ್ಷನ್‌ಗಳಲ್ಲಿ ಈ ಲಗ್ ರಿಸೀವರ್‌ನದ್ದೇ ಭಾಗ. ಆಗ ಲೆಕ್ಕದಿಂದ ಒಂದು ಪದ ಪೂರ್ತಿ ಹೊರಗೆ ಹೋಗುತ್ತೆ. ಟಾಲರೆನ್ಸ್ ಬಿಗಿ ಮಾಡೋಕಿಂತ ಭಾಗ ಕಡಿಮೆ ಮಾಡೋದು ಒಳ್ಳೇದು ಅಂತ ನಮಗೆ ಹೊಳೆದಿದ್ದು ಇಲ್ಲೇ.

ಮೂರನೇ ದಾರಿಯೂ ಇದೆ. 1958ರಲ್ಲಿ ಬಂದ ಸ್ಯಾವೇಜ್ 110 ರೈಫಲ್‌ನಲ್ಲಿ ಭುಜದ ಬದಲು ನಟ್ ಇದೆ. ಗೇಜ್ ಇಟ್ಟು ಬ್ಯಾರಲ್ ತಿರುಗಿಸಿ, ತಾಗಿದ ಜಾಗದಲ್ಲಿ ನಟ್‌ನಿಂದ ಲಾಕ್ ಮಾಡ್ತಾರೆ. ಇಲ್ಲಿ 'ಅ' ಸ್ವಲ್ಪ ಹೆಚ್ಚುಕಮ್ಮಿ ಇದ್ರೂ ಜೋಡಿಸುವಾಗ ಸರಿಮಾಡಬಹುದು. ನಿಖರತೆಯ ಹೊಣೆ ಮೆಷಿನ್‌ನಿಂದ ಜೋಡಿಸುವವರ ಕೈಗೆ ಬಂತು ಅಷ್ಟೇ, ಹೊಣೆ ತಪ್ಪಲಿಲ್ಲ.

ಹಳೇ ಕನಸು

ಬಿಡಿಭಾಗ ಅದಲು ಬದಲಾಗಬೇಕು ಅನ್ನೋ ಆಸೆ ಹುಟ್ಟಿ ಬೆಳೆದಿದ್ದರಲ್ಲಿ ಬಂದೂಕಿಗೆ ದೊಡ್ಡ ಪಾಲಿದೆ. 1785ರಲ್ಲಿ ಪ್ಯಾರಿಸ್‌ನಲ್ಲಿದ್ದ ಥಾಮಸ್ ಜೆಫರ್ಸನ್, ಓನೊರೆ ಬ್ಲಾಂ ಅನ್ನೋ ಕುಶಲಕರ್ಮಿಯ ಕಾರ್ಯಾಗಾರಕ್ಕೆ ಹೋಗಿದ್ದರು. ಗುಡ್ಡೆ ಹಾಕಿದ್ದ ಬಿಡಿಭಾಗಗಳಿಂದ ಕೈಗೆ ಸಿಕ್ಕಿದ್ದನ್ನು ಎತ್ತಿ ತಾವೇ ಬಂದೂಕಿನ ಲಾಕ್ ಜೋಡಿಸಿದ್ರು. ಎಲ್ಲವೂ ಕೂತವು. ನಮ್ಮ ಸರ್ ಮಾಡಿದ್ದು ಅದೇ ಪರೀಕ್ಷೆ, ನಾವು ಫೇಲ್.

ಕೊನೆಯ ಮಾತು ಗೇಜ್‌ನದ್ದು

'ಪ್ರಿಫಿಟ್' ಅಂತ ಹೆಸರಿದೆ ಅಂತ ಅಳೆಯದೆ ಬಿಡೋ ಹಾಗಿಲ್ಲ. ಕೂರಿಸಿದ ಮೇಲೆ ಗೋ ಗೇಜ್ ಇಟ್ಟಾಗ ಬೋಲ್ಟ್ ಮುಚ್ಚಬೇಕು, ನೋ-ಗೋ ಇಟ್ಟಾಗ ಮುಚ್ಚಬಾರದು. ಕೂಡುವ ಮುಖದ ಮೇಲೆ ಒಂದು ಲೋಹದ ಚೂರು ಸಿಕ್ಕಿಹಾಕಿಕೊಂಡಿದ್ರೂ ಆ ಜೆರಾಕ್ಸ್ ಹಾಳೆಯಷ್ಟು ಜಾಗ ಮುಗಿದೇ ಹೋಯ್ತು. ಲೆಕ್ಕ ಹೇಳೋದು 'ಕೂರಬೇಕು' ಅಂತ. 'ಕೂತಿದೆ' ಅಂತ ಹೇಳೋದು ಗೇಜ್ ಮಾತ್ರ. ಅದಕ್ಕೇ ಅನುಭವ ಇರುವ ಗನ್‌ಸ್ಮಿತ್ ಕೈಯಲ್ಲಿ ಈ ಪರೀಕ್ಷೆ ಆಗಬೇಕು.

ಈಗ ಸರ್ ಪ್ರಶ್ನೆಗೆ ಉತ್ತರ ಗೊತ್ತು. ಡ್ರಾಯಿಂಗ್ ಒಂದೇ ಇತ್ತು, ಆದ್ರೆ ನಾವು ಡ್ರಾಯಿಂಗ್‌ಗೆ ಮಾಡಲಿಲ್ಲ, ಒಬ್ಬರಿಗೊಬ್ಬರು ಉಜ್ಜಿಕೊಂಡ್ವಿ. ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿದ್ವಿ. ಕಳೆದ ವಾರ ಶಾಪ್ ಖಾಲಿ ಇದ್ದಾಗ ಪಕ್ಕದ ಬ್ಯಾಚ್‌ನವರನ್ನೂ ಕರ್ಕೊಂಡು ಹೋಗಿ ಹೊಸ ತುಂಡು ಮಾಡಿದ್ವಿ. ಎಲ್ಲರೂ ಒಂದೇ ಮುಖದಿಂದ ಹೈಟ್ ಗೇಜ್‌ನಲ್ಲಿ ಗೆರೆ ಹಾಕಿದ್ವಿ, ಮುಗಿಯೋವರೆಗೆ ಎದುರಿನ ಭಾಗಕ್ಕೆ ಹಾಕಿ ನೋಡಲೇ ಇಲ್ಲ. ನಮ್ಮ ಗಂಡು ಭಾಗ ಅವರದ್ದರಲ್ಲಿ ಹೋಯ್ತು. ಸ್ವಲ್ಪ ಲೊಡ ಲೊಡ ಅನ್ನುತ್ತೆ, ಬೆಳಕೂ ಕಾಣುತ್ತೆ. ಮೊದಲಿನಷ್ಟು ಚೆಂದ ಇಲ್ಲ. ಆದ್ರೂ ಟೇಬಲ್ ಮೇಲೆ ಇಟ್ಟುಕೊಂಡಿರೋದು ಇದನ್ನೇ.